ತೋಟದ ಎಂಜಿನ್‌ಗೆ ಯಾವ ಇಂಜೆಕ್ಷನ್ ಸರಿ? ಕೊಡಗಿನ ಬೆಳೆಗಾರರಿಗೆ ಒಂದು ಹೋಲಿಕೆ

ಫೆಬ್ರವರಿ ಬಂತೆಂದರೆ ನನಗೆ ಬರುವ ಫೋನ್‌ಗಳ ವಿಷಯ ಹೆಚ್ಚುಕಮ್ಮಿ ಒಂದೇ. "ಅಣ್ಣಾ, ಹೂಮಳೆ ಬರುವ ಲಕ್ಷಣ ಕಾಣ್ತಾ ಇಲ್ಲ. ಹಳೇ ಎಂಜಿನ್ ಕರೀ ಹೊಗೆ ಬಿಡ್ತಿದೆ. ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ? ಹೊಸದಾದರೆ ಸಾದಾ ಪಂಪಿನದ್ದಾ, ಕಾಮನ್ ರೈಲಾ?" ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ; ಅದು ಬಾರದಿದ್ದರೆ ಕೆರೆ ನೀರನ್ನು ಎಂಜಿನ್ನಿನಿಂದ ಎತ್ತಿ ಸ್ಪ್ರಿಂಕ್ಲರಿನಲ್ಲಿ ಕೊಡಬೇಕು. ಸಾದಾ ಪಂಪ್, ಕಾಮನ್ ರೈಲ್ ಅನ್ನುವುದು ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಎರಡು ಬಗೆ. ಮೊನ್ನೆ ಅಮ್ಮತ್ತಿ ಕಡೆಯ ಒಬ್ಬರು ಕೇಳಿದರು. ಅದರ ಹಿಂದಿನ ವಾರ ಮಡಿಕೇರಿ ಹತ್ತಿರದ ಇನ್ನೊಬ್ಬರು. ಇಬ್ಬರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಬೇರೆ ಅನ್ನುವುದನ್ನು ಬಿಡಿಸಿ ಬರೆದರೆ ಉಳಿದವರಿಗೂ ಉಪಯೋಗ ಆಗುತ್ತದೆ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಹದಿನೈದು ವರ್ಷ ಡೀಸೆಲ್ ಎಂಜಿನ್‌ಗಳ ನಡುವೆ ಕೆಲಸ ಮಾಡಿ, ಈಗ ಸಿದ್ದಾಪುರದ ಹತ್ತಿರ ತೋಟ ನೋಡಿಕೊಂಡಿದ್ದೇನೆ. ಯಾವ ಕಂಪನಿಯ ಪರವಾಗಿಯೂ ಮಾತಾಡುತ್ತಿಲ್ಲ.

ಮೊದಲು ಒಂದು ಮಾತು. ನಿಮ್ಮ ಕೆರೆ ದಡಕ್ಕೆ ಮೂರು ಫೇಸ್ ಕರೆಂಟ್ ಸರಿಯಾಗಿ ಬರುತ್ತಿದ್ದರೆ ಮೋಟರ್ ಹಾಕಿ. ಡೀಸೆಲ್ ಯಾವತ್ತೂ ಅದಕ್ಕಿಂತ ದುಬಾರಿ. ಲೈನ್ ಇಲ್ಲದ ಕಡೆ, ವೋಲ್ಟೇಜ್ ಸಾಲದ ಕಡೆ, ಅಥವಾ ಕಕ್ಕಡದ (ಜುಲೈ-ಆಗಸ್ಟ್) ಗಾಳಿಮಳೆಗೆ ಮರ ಬಿದ್ದು ನಾಲ್ಕೈದು ದಿನ ಕತ್ತಲಲ್ಲಿ ಕೂರುವ ಕಡೆ ಈ ಲೆಕ್ಕ ಬೇಕಾಗುತ್ತದೆ.

ಅರ್ಧ ಹನಿಯ ಕೆಲಸ

ಇಂಜೆಕ್ಷನ್ ಅಂದರೆ ಏನು, ಅದಕ್ಕೆ ಇಷ್ಟು ಮಹತ್ವ ಯಾಕೆ? 5 ಎಚ್‌ಪಿಯ ಒಂದು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 1,500 ಸುತ್ತು ತಿರುಗುವಾಗ 750 ಸಲ ಡೀಸೆಲ್ ಚಿಮ್ಮಿಸುತ್ತದೆ. ಪೂರ್ತಿ ಲೋಡಿನಲ್ಲಿ ಅದು ಗಂಟೆಗೆ ಸುಮಾರು 1.1 ಲೀಟರ್ ಕುಡಿಯುತ್ತದೆ. ಭಾಗಿಸಿ ನೋಡಿ. ಒಂದು ಸಲಕ್ಕೆ ಹೋಗುವುದು ಒಂದು ಹನಿ ನೀರಿನ ಅರ್ಧದಷ್ಟು ಡೀಸೆಲ್. ಆ ಅರ್ಧ ಹನಿ ಸೆಕೆಂಡಿನ ಐನೂರರಲ್ಲಿ ಒಂದು ಭಾಗದೊಳಗೆ ಮಂಜಿನ ಹಾಗೆ ಒಡೆದು, ಬಿಸಿ ಗಾಳಿಯಲ್ಲಿ ಬೆರೆತು, ಪೂರ್ತಿ ಉರಿಯಬೇಕು.

ಹನಿ ದಪ್ಪವಾಗಿದ್ದರೆ ಹೊರಗಿನ ಭಾಗ ಉರಿದು ಒಳಗಿನದ್ದು ಮಸಿಯಾಗುತ್ತದೆ. ಸೈಲೆನ್ಸರಿನಿಂದ ಬರುವ ಕರೀ ಹೊಗೆ ಅಂದರೆ ನೀವು ದುಡ್ಡು ಕೊಟ್ಟು ತಂದ ಡೀಸೆಲ್ಲೇ. ಬೇಗ ಚಿಮ್ಮಿದರೆ ಎಂಜಿನ್ ಕಟಕಟ ಅನ್ನುತ್ತದೆ, ಪಿಸ್ಟನ್ನಿಗೆ ಪೆಟ್ಟು. ತಡವಾಗಿ ಚಿಮ್ಮಿದರೆ ಬೆಂಕಿಯ ಬಲ ಪಿಸ್ಟನ್ ತಳ್ಳುವ ಬದಲು ಸೈಲೆನ್ಸರ್ ಬಿಸಿ ಮಾಡುವುದಕ್ಕೇ ಹೋಗುತ್ತದೆ. ಎಷ್ಟು, ಯಾವಾಗ, ಎಷ್ಟು ಸಣ್ಣ ಹನಿ. ಈ ಮೂರನ್ನು ಹಿಡಿತದಲ್ಲಿ ಇಡುವುದೇ ಇಂಜೆಕ್ಷನ್ನಿನ ಕೆಲಸ.

ದೊಡ್ಡ ಯಂತ್ರಗಳಿಗೂ ಇದು ತಪ್ಪಿದ್ದಲ್ಲ. ಯಲಹಂಕದಲ್ಲಿ 370 ಮೆಗಾವಾಟಿನ ಅನಿಲ ವಿದ್ಯುತ್ ಸ್ಥಾವರ ಇದೆಯಲ್ಲ, ಅಂಥ ಕಡೆ ಬಳಸುವ ಗ್ಯಾಸ್ ಟರ್ಬೈನ್‌ನಲ್ಲಿ ಬೆಂಕಿ ನಿಲ್ಲದೆ ಒಂದೇ ಸಮನೆ ಉರಿಯುತ್ತದೆ. ಇಂಧನ ಜಾಸ್ತಿಯಾದರೆ ಬಿಸಿ ಏರಿ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ. ತೀರಾ ಕಡಿಮೆಯಾದರೆ ಜ್ವಾಲೆ ಅದುರುತ್ತದೆ, ಕೊನೆಗೆ ಆರುತ್ತದೆ. ಅಲ್ಲಿ ಅದನ್ನು ಕಾಯಲು ಕಂಪ್ಯೂಟರುಗಳೇ ಇರುತ್ತವೆ. ನಮ್ಮ ಪಂಪ್‌ಹೌಸಿನಲ್ಲಿ ಅದೇ ಕೆಲಸವನ್ನು ಒಂದು ಸ್ಪ್ರಿಂಗ್ ಮತ್ತು ಡೀಸೆಲ್ ಚಿಮ್ಮುವ ಒಂದು ನೋಜಲ್ ಮಾಡುತ್ತವೆ.

ಯಾವ ಅಳತೆಗೋಲಿನಿಂದ ನೋಡಬೇಕು

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು "ಗಂಟೆಗೆ ಎಷ್ಟು ಕುಡಿಯುತ್ತೆ?" ಅಂತ. ನಾನಾದರೆ ಮೊದಲು ಕೇಳುವುದು, ವರ್ಷಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ ಅಂತ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ನಮ್ಮದೇ ಉದಾಹರಣೆ ಹಿಡಿದು ಲೆಕ್ಕ ಹಾಕೋಣ.

ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ 3 ಸಾವಿರ ಲೀಟರ್. ಕೆರೆಯಿಂದ ಮೇಲಿನ ತುಂಡಿಗೆ 40 ಮೀಟರ್ ಏರು, ಸ್ಪ್ರಿಂಕ್ಲರ್ ತಿರುಗಲು ಬೇಕಾದ ಒತ್ತಡಕ್ಕೆ 30 ಮೀಟರ್, ಪೈಪಿನ ಘರ್ಷಣೆಗೆ 10. ಒಟ್ಟು 80 ಮೀಟರ್ ಎಂದಿಟ್ಟುಕೊಳ್ಳಿ. ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ತಳ್ಳಲು 22 ಯೂನಿಟ್ ಶಕ್ತಿ ಬೇಕು. ಪಂಪ್ ನೂರಕ್ಕೆ 60ರಷ್ಟು ಮಾತ್ರ ನೀರಿಗೆ ದಾಟಿಸಿದರೆ ಎಂಜಿನ್ 37 ಯೂನಿಟ್ ಕೊಡಬೇಕಾಗುತ್ತದೆ. ಚೆನ್ನಾಗಿರುವ ಸಾದಾ ಪಂಪಿನ ಸಣ್ಣ ಎಂಜಿನ್ ಯೂನಿಟ್‌ಗೆ 250 ಗ್ರಾಂ ಡೀಸೆಲ್ ತಿನ್ನುತ್ತದೆ ಎಂದು ಹಿಡಿದರೆ ಎಕರೆ ಇಂಚಿಗೆ ಸುಮಾರು 11.3 ಲೀಟರ್. ಕಾಮನ್ ರೈಲ್ ಎಂಜಿನ್ 215 ಗ್ರಾಂನಲ್ಲಿ ಮುಗಿಸಿದರೆ 9.7 ಲೀಟರ್. ಉಳಿತಾಯ 1.6 ಲೀಟರ್.

ರೊಬಸ್ಟಾ ಕಾಫಿಗೆ ಹೂವಿಗೆ ಒಂದೂವರೆ ಇಂಚು, ಎರಡು ಮೂರು ವಾರ ಬಿಟ್ಟು ಕಾಯಿ ನಿಲ್ಲಿಸುವ ಬ್ಯಾಕಿಂಗ್‌ಗೆ ಒಂದು ಇಂಚು ಕೊಟ್ಟಿರಿ ಎನ್ನಿ. 10 ಎಕರೆಗೆ ಅದು 25 ಎಕರೆ ಇಂಚು. 10 ಎಚ್‌ಪಿ ಎಂಜಿನ್ ಪೂರ್ತಿ ಲೋಡಿನಲ್ಲಿ 125 ಗಂಟೆ ಓಡಬೇಕು. ಉಳಿಯುವ ಡೀಸೆಲ್ 40 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ವರ್ಷಕ್ಕೆ 3,600 ರೂಪಾಯಿ. 100 ಎಕರೆಯವರಿಗೆ ಅದೇ 36,000. ಅದೇ ಎಂಜಿನ್, ಅದೇ ತಂತ್ರ. ಒಬ್ಬರಿಗೆ ಅದು ಲೆಕ್ಕಕ್ಕೇ ಇಲ್ಲ, ಇನ್ನೊಬ್ಬರಿಗೆ ಕೆಲವು ವರ್ಷದಲ್ಲಿ ಹೆಚ್ಚುವರಿ ಬೆಲೆ ವಾಪಸ್ ಬರುತ್ತದೆ. ಈ ಲೆಕ್ಕದಲ್ಲಿ ನಿಮ್ಮ ಎಕರೆ, ನಿಮ್ಮ ಏರು ಹಾಕಿ ನೋಡಿ. ಹತ್ತು ನಿಮಿಷದ ಕೆಲಸ.

ಮಧ್ಯದಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಉದ್ದದ 2 ಇಂಚಿನ ಪೈಪ್ ತೆಗೆದು ಎರಡೂವರೆ ಇಂಚು ಹಾಕಿದರೆ ಅಷ್ಟೇ ನೀರಿಗೆ ಘರ್ಷಣೆ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಎಷ್ಟೋ ತೋಟದಲ್ಲಿ ಇಂಜೆಕ್ಷನ್ ಬದಲಿಸುವುದಕ್ಕಿಂತ ಪೈಪ್ ಬದಲಿಸುವುದರಲ್ಲೇ ಜಾಸ್ತಿ ಡೀಸೆಲ್ ಉಳಿಯುತ್ತದೆ.

ಗಂಟೆಗಳ ನಂತರ ನೋಡಬೇಕಾದದ್ದು ಲೋಡ್ ಹೇಗಿದೆ ಅನ್ನುವುದು. ಪಂಪಿಗೆ ನೇರ ಜೋಡಿಸಿದ ಎಂಜಿನ್ ಬೆಳಗಿನಿಂದ ಸಂಜೆವರೆಗೆ ಒಂದೇ ಲೋಡಿನಲ್ಲಿ ಇರುತ್ತದೆ. ಮನೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕೆಲಸದವರ ಲೈನ್ ಮನೆ ಎಲ್ಲಕ್ಕೂ ಕರೆಂಟ್ ಕೊಡುವ ಜನರೇಟರ್ ಹಾಗಲ್ಲ. ರಾತ್ರಿ ನಾಲ್ಕು ಬಲ್ಬು, ಫ್ರಿಜ್. ಬೆಳಿಗ್ಗೆ ಪಲ್ಪರ್ ಮೋಟರ್ ಒಮ್ಮೆಲೇ ಎಳೆಯುತ್ತದೆ. ನೇರ ಸ್ಟಾರ್ಟರ್ ಇದ್ದರೆ ಆ ಒಂದು ಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಬೇಕು.

ಆಮೇಲೆ ಎತ್ತರ. ಇದನ್ನು ಬಯಲುಸೀಮೆಯ ಅಂಗಡಿಯವರು ಹೇಳುವುದೇ ಇಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಅಲ್ಲಿ ಗಾಳಿ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲು ತೆಳು. ಗಾಳಿ ಒತ್ತಿ ತುಂಬುವ ಟರ್ಬೋ ಇಲ್ಲದ ಎಂಜಿನ್ನಿನ ತಾಕತ್ತು ಹೆಚ್ಚುಕಮ್ಮಿ ಅಷ್ಟೇ ಕುಗ್ಗುತ್ತದೆ. ಸಾದಾ ಪಂಪಿಗೆ ಮಾತ್ರ ಇದು ಗೊತ್ತಾಗುವುದಿಲ್ಲ. ಕೆಳಗಿನ ಊರಿನಲ್ಲಿ ಹೊಂದಿಸಿದಷ್ಟೇ ಡೀಸೆಲ್ ಮೇಲೂ ಚಿಮ್ಮಿಸುತ್ತದೆ. ಗಾಳಿ ಸಾಲದೆ ಕರೀ ಹೊಗೆ ಬರುತ್ತದೆ.

ಕೊನೆಯದಾಗಿ, ಕೆಟ್ಟರೆ ಯಾರು ಸರಿ ಮಾಡುತ್ತಾರೆ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ಹೂವಿನ ಮೊಗ್ಗು ನಿಮ್ಮ ಮೆಕ್ಯಾನಿಕ್‌ಗೆ ಕಾಯುವುದಿಲ್ಲ.

ಹಳೆಯದನ್ನೇ ಸರಿಮಾಡಿಸುವುದು

ನನ್ನ ಪಂಪ್‌ಹೌಸಿನಲ್ಲಿ ಅಪ್ಪನ ಕಾಲದ ಒಂದು ಸಿಲಿಂಡರ್ ಎಂಜಿನ್ ಇನ್ನೂ ಇದೆ. ಎರಡು ವರ್ಷದ ಹಿಂದೆ ಅದು ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಲೋಡ್ ಕೊಟ್ಟ ಕೂಡಲೇ ಕರೀ ಹೊಗೆ. ಹೊಸದು ತರುವುದೆಂದು ತೀರ್ಮಾನ ಆಗಿತ್ತು. ಅದಕ್ಕೂ ಮೊದಲು ಒಂದು ಸಲ ನೋಜಲ್ ಬಿಚ್ಚಿ ನೋಡೋಣ ಅನ್ನಿಸಿತು. ಟೆಸ್ಟರ್‌ಗೆ ಸಿಕ್ಕಿಸಿ ಹಿಡಿ ಒತ್ತಿದೆವು. ಮಂಜಿನ ಹಾಗೆ ಹರಡಬೇಕಾದ ಡೀಸೆಲ್ ಒಂದು ಕಡೆ ನೂಲಿನ ಹಾಗೆ ನೇರ ಹೋಯಿತು. ಇನ್ನೊಂದು ತೂತಿನಿಂದ ಏನೂ ಇಲ್ಲ. ಒತ್ತುವುದು ನಿಲ್ಲಿಸಿದ ಮೇಲೂ ತುದಿಯಲ್ಲಿ ಒಂದು ಹನಿ ಜೋತುಬಿದ್ದಿತ್ತು. ಆ ಜೋತುಬಿದ್ದ ಹನಿಯೇ ಹೊಗೆ.

ನೋಜಲ್ ಹೊಸದು ಹಾಕಿ, ಒತ್ತಡವನ್ನು ಕೈಪಿಡಿಯಲ್ಲಿ ಹೇಳಿದ ಮಟ್ಟಕ್ಕೆ ತಂದೆವು. ಇಂಥ ಸಣ್ಣ ಎಂಜಿನ್‌ಗಳಲ್ಲಿ ಅದು 200 ಬಾರ್ ಆಸುಪಾಸು ಇರುತ್ತದೆ. ಕಾರಿನ ಟೈರಿನ ಗಾಳಿಗಿಂತ ನೂರು ಪಟ್ಟು. ಇಂಜೆಕ್ಷನ್ ಪಂಪಿನ ಕೆಳಗೆ ಯಾವುದೋ ಕಾಲದಲ್ಲಿ ಯಾರೋ ಒಂದು ಶಿಮ್ (ತೆಳು ತಗಡು) ಹೆಚ್ಚಿಗೆ ಇಟ್ಟಿದ್ದರು. ಅದರಿಂದ ಚಿಮ್ಮುವ ಸಮಯ ತಡವಾಗುತ್ತಿತ್ತು. ಅದನ್ನು ತೆಗೆದು, ಫ್ಲೈವೀಲ್ ಗುರುತು ನೋಡಿ ಟೈಮಿಂಗ್ ಸರಿಮಾಡಿದೆವು. ಮೊದಲು ಒಂದು ಲೀಟರಿಗೆ 41 ನಿಮಿಷ ಓಡುತ್ತಿದ್ದದ್ದು ಆಮೇಲೆ 49 ನಿಮಿಷ ಓಡಿತು. ಅದೇ ನೀರಿನ ಪಂಪ್, ಅದೇ ಸ್ಪ್ರಿಂಕ್ಲರ್ ಜೆಟ್.

ಈ ಪರೀಕ್ಷೆ ನೀವೂ ಮಾಡಬಹುದು. ಟ್ಯಾಂಕಿನ ಪೈಪ್ ಬಿಡಿಸಿ, ಗುರುತು ಹಾಕಿದ ಒಂದು ಲೀಟರ್ ಕ್ಯಾನಿಗೆ ಜೋಡಿಸಿ. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಎಂಜಿನ್ ಬಿಸಿಯಾದ ಮೇಲೆ, ಎಲ್ಲ ಜೆಟ್ ತಿರುಗುವಾಗ ಎಷ್ಟು ನಿಮಿಷ ಬರುತ್ತದೆ ಅಂತ ಬರೆದಿಡಿ. ಪ್ರತಿ ವರ್ಷ ಜನವರಿಯಲ್ಲಿ ಒಂದು ಸಲ. ಆ ಸಂಖ್ಯೆ ಇಳಿಯುತ್ತಾ ಬಂದರೆ ನೋಜಲ್ ಬಿಚ್ಚುವ ಸಮಯ ಬಂತು ಅಂತ ಅರ್ಥ.

ಆದರೆ ಒಂದು ಎಚ್ಚರಿಕೆ. ನೋಜಲ್ ಚಿಮ್ಮುವಾಗ ಅದರ ಮುಂದೆ ಬೆರಳು ಇಡಲೇಬೇಡಿ. 200 ಬಾರ್ ಒತ್ತಡದ ಡೀಸೆಲ್ ಚರ್ಮದೊಳಗೆ ಸೂಜಿಯ ಹಾಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬೆರಳು ಕಳೆದುಕೊಳ್ಳುವ ಪೆಟ್ಟು ಅದು.

ಯಾವಾಗ ರಿಪೇರಿ ಬೇಡ? ಹೊಗೆ ನೀಲಿಯಾಗಿದ್ದರೆ ಅದು ಆಯಿಲ್ ಉರಿಯುತ್ತಿರುವುದು. ರಿಂಗ್, ಲೈನರ್ ಸವೆದಿವೆ, ಇಂಜೆಕ್ಷನ್ ಸರಿಮಾಡಿ ಪ್ರಯೋಜನವಿಲ್ಲ. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಟೈಮಿಂಗ್ ಅಥವಾ ಕಂಪ್ರೆಷನ್ ನೋಡಿಸಿ. ಕರೀ ಹೊಗೆ ಮಾತ್ರ ಇದ್ದು ಎಂಜಿನ್ ಗಟ್ಟಿಯಿದ್ದರೆ, ಏರ್ ಕ್ಲೀನರ್, ನೋಜಲ್, ಟೈಮಿಂಗ್ ಈ ಮೂರಕ್ಕೆ ಖರ್ಚು ಮಾಡಿ ಆಮೇಲೆ ಹೊಸದರ ಯೋಚನೆ ಮಾಡಿ. 15 ಎಕರೆ ಒಳಗಿನ ತೋಟಕ್ಕೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ.

ಹೊಸದು, ಆದರೆ ಸಾದಾ ಪಂಪಿನದ್ದು

ಹಳೆಯದು ಕೈಬಿಟ್ಟಿದ್ದರೆ ಮುಂದಿನ ಮೆಟ್ಟಿಲು ಇದು. ಪ್ಲಂಜರ್ ಪಂಪ್, ಸ್ಪ್ರಿಂಗಿನ ನೋಜಲ್, ಸ್ಪೀಡ್ ಹಿಡಿತದಲ್ಲಿಡುವ ತೂಕದ ಗವರ್ನರ್. ಕರೆಂಟ್, ಬ್ಯಾಟರಿ, ಸೆನ್ಸರ್ ಯಾವುದೂ ಇಲ್ಲದೆ ಓಡುತ್ತದೆ. ಒಂದು ಸಿಲಿಂಡರಿನದ್ದಾದರೆ ಹ್ಯಾಂಡಲ್ ಹಾಕಿ ತಿರುಗಿಸಿಯೇ ಸ್ಟಾರ್ಟ್ ಮಾಡಬಹುದು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದ ದಿನಗಳು ನೆನಪಿದೆ ಅಲ್ವಾ? ಬ್ಯಾಟರಿ ಚಾರ್ಜ್ ಮಾಡುವ ದಾರಿಯೂ ಇಲ್ಲದ ಅಂಥ ಹೊತ್ತಿನಲ್ಲಿ ಹ್ಯಾಂಡಲ್ ಇರುವ ಎಂಜಿನ್ನಿನ ಬೆಲೆ ಗೊತ್ತಾಗುತ್ತದೆ.

ಪಂಪ್ ಮತ್ತು ನೋಜಲ್ ಕೆಲಸ ಗೊತ್ತಿರುವವರು ನಮ್ಮ ಪೇಟೆಗಳಲ್ಲೇ ಸಿಗುತ್ತಾರೆ. ಬಿಡಿಭಾಗ ಸುಲಭ. ಸ್ವಲ್ಪ ಕೊಳೆ ಡೀಸೆಲ್ ಹೋದರೂ ತಡೆದುಕೊಳ್ಳುತ್ತದೆ. ಪೂರ್ತಿ ತಡೆಯುತ್ತದೆ ಅಂತಲ್ಲ. ಪಂಪಿನೊಳಗಿನ ಪ್ಲಂಜರ್ ಮತ್ತು ಅದು ಓಡಾಡುವ ಕೊಳವೆಯ (ಬ್ಯಾರಲ್) ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ, ಕೂದಲಿಗಿಂತ ಎಷ್ಟೋ ಸಣ್ಣದು. ಫಿಲ್ಟರ್ ಇಲ್ಲದೆ ಓಡಿಸಿದರೆ ಇದೂ ಸವೆಯುತ್ತದೆ.

ಕೊರತೆ ಏನು? ಟೈಮಿಂಗ್ ಒಂದೇ ಜಾಗದಲ್ಲಿ ಕೂತಿರುತ್ತದೆ. ಪೂರ್ತಿ ಲೋಡಿಗೆ ಹೊಂದಿಸಿದ್ದು ಕಡಿಮೆ ಲೋಡಿಗೆ ಅಷ್ಟು ಒಪ್ಪುವುದಿಲ್ಲ. ಸದ್ದು ಜಾಸ್ತಿ. ಎತ್ತರಕ್ಕೆ ತಾನಾಗಿ ಹೊಂದಿಕೊಳ್ಳುವುದಿಲ್ಲ. ಮಡಿಕೇರಿ, ಗಾಳಿಬೀಡು, ಸೋಮವಾರಪೇಟೆಯ ಎತ್ತರದ ಭಾಗಗಳವರು ಖರೀದಿಸುವಾಗಲೇ "ಈ ಎತ್ತರಕ್ಕೆ ಡೀಸೆಲ್ ಕಡಿಮೆ ಮಾಡಿ ಹೊಂದಿಸಿಕೊಡಿ" ಎಂದು ಕೇಳಬೇಕು. ಮತ್ತು ಎಚ್‌ಪಿ ಲೆಕ್ಕದಲ್ಲಿ ಹತ್ತು ಪರ್ಸೆಂಟ್ ಜಾಸ್ತಿಯೇ ಹಿಡಿಯಬೇಕು. ಕಾವೇರಿ ಹೊಳೆ ದಂಡೆಯ ತಗ್ಗಿನ ತೋಟಕ್ಕೆ ಇಷ್ಟು ಚಿಂತೆ ಬೇಡ.

ಪಂಪಿಗೆ ನೇರ ಜೋಡಿಸುವವರಿಗೆ ಇನ್ನೊಂದು ಅನುಕೂಲ ಇದೆ. ಕೆಳಗಿನ ತುಂಡಿಗೆ ನೀರು ಬಿಡುವಾಗ ಸ್ಪೀಡ್ ಇಳಿಸಬಹುದು. ಸ್ಪೀಡ್ ಹತ್ತು ಪರ್ಸೆಂಟ್ ಇಳಿಸಿದರೆ ಪಂಪ್ ಕೇಳುವ ಶಕ್ತಿ ಸುಮಾರು 27 ಪರ್ಸೆಂಟ್ ಇಳಿಯುತ್ತದೆ. ಜೆಟ್ ಸರಿಯಾಗಿ ತಿರುಗುವಷ್ಟು ಒತ್ತಡ ಉಳಿದರೆ ಸಾಕು. ಗೇಜ್ ನೋಡಿಕೊಂಡು ಥ್ರಾಟಲ್ ಇಳಿಸುವುದನ್ನು ಓಡಿಸುವವರಿಗೆ ಒಂದು ಸಲ ಹೇಳಿಕೊಡಿ.

ಎಲೆಕ್ಟ್ರಾನಿಕ್ ಗವರ್ನರ್ ಇರುವುದು

ಇದರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಆದರೆ ಒಂದು ತಪ್ಪು ತಿಳುವಳಿಕೆ ಹೋಗಬೇಕು. "ಎಲೆಕ್ಟ್ರಾನಿಕ್" ಅಂತ ಬರೆದ ಮಾತ್ರಕ್ಕೆ ಅದು ಕಾಮನ್ ರೈಲ್ ಅಲ್ಲ. ಇಂಜೆಕ್ಷನ್ ಪಂಪ್ ಹಳೆಯ ಬಗೆಯದ್ದೇ. ಎಷ್ಟು ಡೀಸೆಲ್ ಹೋಗಬೇಕೆಂದು ತೂಕದ ಬದಲು ಒಂದು ಕರೆಂಟಿನ ಆಕ್ಚುವೇಟರ್ ತೀರ್ಮಾನಿಸುತ್ತದೆ. ಹನಿಯ ಗಾತ್ರ, ಒತ್ತಡ ಏನೂ ಬದಲಾಗುವುದಿಲ್ಲ. ಆದ್ದರಿಂದ ಡೀಸೆಲ್ ಉಳಿತಾಯದ ಮಾತು ಇಲ್ಲಿ ನಂಬಬೇಡಿ.

ಲಾಭ ಬೇರೆ ಕಡೆ ಇದೆ. ತೂಕದ ಗವರ್ನರ್ ಇರುವ ಜನರೇಟರ್ ಲೋಡ್ ಇಲ್ಲದಾಗ 52 ಹರ್ಟ್ಸ್ ಇದ್ದು, ಪೂರ್ತಿ ಲೋಡಿಗೆ 50ಕ್ಕೆ ಇಳಿಯುವುದು ಮಾಮೂಲು. ಎಲೆಕ್ಟ್ರಾನಿಕ್ ಆದರೆ 50ರಲ್ಲೇ ನಿಲ್ಲುತ್ತದೆ. ಪಲ್ಪರ್, ಮನೆಯ ಟಿವಿ, ಕಂಪ್ಯೂಟರ್, ಯುಪಿಎಸ್ ಒಂದೇ ಸೆಟ್ಟಿನಲ್ಲಿ ಇರುವವರಿಗೆ, ಹೋಂಸ್ಟೇ ನಡೆಸುವವರಿಗೆ ಇದು ಬೇಕು. ಬರೀ ನೀರೆತ್ತುವವರಿಗೆ ಬೇಡ.

ಕಾಮನ್ ರೈಲ್

ಇದು ನಿಜವಾಗಿಯೂ ಬೇರೆಯೇ ಬಗೆ. ಒಂದು ಪಂಪ್ ಸದಾ ಡೀಸೆಲ್ ಒತ್ತಿ ಒಂದು ದಪ್ಪ ಕೊಳವೆಯಲ್ಲಿ ತುಂಬಿಡುತ್ತದೆ. ಒತ್ತಡ 1,600ರಿಂದ 2,000 ಬಾರ್ ವರೆಗೆ ಹೋಗುತ್ತದೆ. ಯಾವಾಗ ಬಾಗಿಲು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ಇಸಿಯು ಎಂಬ ಎಂಜಿನ್ನಿನ ಕಂಪ್ಯೂಟರ್ ಪ್ರತಿ ಸುತ್ತಿಗೂ ಹೊಸದಾಗಿ ತೀರ್ಮಾನಿಸುತ್ತದೆ. ಮೊದಲು ಒಂದು ಚೂರು, ಆಮೇಲೆ ಮುಖ್ಯ ಭಾಗ, ಬೇಕಿದ್ದರೆ ಕೊನೆಯಲ್ಲಿ ಇನ್ನೊಂದು ಚೂರು. ಮೊದಲಿನ ಆ ಚೂರು ಉರಿದು ಒಳಗನ್ನು ಬಿಸಿ ಮಾಡಿರುವುದರಿಂದ ಮುಖ್ಯ ಭಾಗ ಮೆತ್ತಗೆ ಹೊತ್ತಿಕೊಳ್ಳುತ್ತದೆ. ಕಟಕಟ ಸದ್ದು ಕಡಿಮೆ. ತೂತುಗಳು ಹೆಚ್ಚುಕಮ್ಮಿ ಕೂದಲೆಳೆಯಷ್ಟೇ ಸಣ್ಣ, ಒತ್ತಡ ಜಾಸ್ತಿ. ಹಾಗಾಗಿ ಹನಿ ಬಹಳ ನುಣ್ಣಗೆ ಒಡೆಯುತ್ತದೆ.

ನಮಗೆ ದೊಡ್ಡ ಲಾಭ ಎರಡು. ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುವುದರಿಂದ ಎತ್ತರಕ್ಕೆ ತಕ್ಕ ಹಾಗೆ ಡೀಸೆಲ್ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಮಡಿಕೇರಿಯಲ್ಲಿ ಹೊಗೆ ಬರದಿರುವುದು ಅದಕ್ಕೇ. ಮತ್ತೆ, ಲೋಡ್ ಏರಿಳಿಯುವ ಜನರೇಟರಿನಲ್ಲಿ ಪ್ರತಿ ಲೋಡಿಗೂ ಟೈಮಿಂಗ್ ಬದಲಾಗುತ್ತದೆ. ಹಗಲಿಡೀ ಏರಿಳಿಯುವ ದೊಡ್ಡ ಎಸ್ಟೇಟ್, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್, ರೆಸಾರ್ಟ್‌ಗಳಿಗೆ ಇದರಲ್ಲಿ ದುಡ್ಡು ಉಳಿಯುತ್ತದೆ.

ಇನ್ನು ಕಷ್ಟಗಳು. ನೀರು ಇದರ ಶತ್ರು. ನಮ್ಮ ಮಳೆಗಾಲದಲ್ಲಿ ಅರ್ಧ ತುಂಬಿದ ಡೀಸೆಲ್ ಬ್ಯಾರಲ್ ಒಳಗೆ ಬೆವರುತ್ತದೆ. ಜುಲೈಯಲ್ಲಿ ಒಮ್ಮೆ ನನ್ನ ಬ್ಯಾರಲ್ಲಿನ ತಳದಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ರಾತ್ರಿ ಇಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಎರಡು ಬೆರಳಷ್ಟು ನೀರು, ಅದರ ಮೇಲೆ ಕಂದು ಲೋಳೆಯ ಗೆರೆ, ಅದರ ಮೇಲೆ ಡೀಸೆಲ್. ಹಳೇ ಎಂಜಿನ್ ಇದನ್ನು ಕುಡಿದು ಕೆಮ್ಮಿ, ನಿಂತು, ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಕಾಮನ್ ರೈಲ್ ಆಗಿದ್ದರೆ ಇಂಜೆಕ್ಟರುಗಳೇ ಹೋಗಿರುತ್ತಿದ್ದವು. ಆದ್ದರಿಂದ ಇದನ್ನು ತಗೊಳ್ಳುವವರು ಡೀಸೆಲ್ ಇಡುವ ಪದ್ಧತಿಯನ್ನೂ ಬದಲಿಸಬೇಕು. ಮಳೆಗೆ ಮೊದಲು ಬ್ಯಾರಲ್ ಪೂರ್ತಿ ತುಂಬಿಸಿ, ಮುಚ್ಚಿ. ತಳದಿಂದ ಒಂದು ಗೇಣು ಮೇಲಿನಿಂದ ಮಾತ್ರ ಎಳೆಯಿರಿ. ವಾಟರ್ ಸೆಪರೇಟರಿನ ನೀರನ್ನು ಪ್ರತಿ ಸಲ ಓಡಿಸುವ ಮೊದಲು ಬಿಡಿ. ಫಿಲ್ಟರ್ ಒರಿಜಿನಲ್ಲೇ ಹಾಕಿ, ಇಲ್ಲಿ ಉಳಿತಾಯ ಬೇಡ.

ಬ್ಯಾಟರಿ ಸತ್ತರೆ ಎಂಜಿನ್ನೂ ಸತ್ತ ಹಾಗೆ. ಹ್ಯಾಂಡಲ್ ಇಲ್ಲ. ವೈರಿಂಗ್ ಇಲಿಗೆ ಬಹಳ ಇಷ್ಟ. ಕೆರೆ ಬದಿಯ ಶೆಡ್ಡಿನಲ್ಲಿ ಇಡುವುದಾದರೆ ಜಾಲರಿ ಹಾಕಿಸಿ. ತಪ್ಪು ಕಂಡುಹಿಡಿಯಲು ಸ್ಕ್ಯಾನರ್ ಬೇಕು. ಇಂಜೆಕ್ಟರ್ ಬದಲಿಸಿದರೆ ಅದರ ಕೋಡನ್ನು ಇಸಿಯುಗೆ ಹಾಕಬೇಕು. ಇಷ್ಟಕ್ಕೆ ಮೈಸೂರಿನಿಂದ ಜನ ಬರಬೇಕಾದರೆ ಎಷ್ಟು ದಿನ ಆಗುತ್ತದೆಂದು ಖರೀದಿಗೆ ಮೊದಲೇ ಕೇಳಿ, ಬರೆಸಿಕೊಳ್ಳಿ.

ಇದನ್ನು ಮಾತ್ರ ಎಲ್ಲರಿಗೂ ಹೇಳಿ. ಹಳೇ ಎಂಜಿನ್ನಿನಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡಲು ಓಡುತ್ತಿರುವಾಗಲೇ ಪೈಪಿನ ನಟ್ ಸಡಿಲಿಸುವ ಅಭ್ಯಾಸ ಇದೆ. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಿದರೆ ಪ್ರಾಣಕ್ಕೇ ಅಪಾಯ. ನಿಲ್ಲಿಸಿದ ಮೇಲೂ ಒತ್ತಡ ಇಳಿಯಲು ಸಮಯ ಕೊಡಬೇಕು.

ದೊಡ್ಡ ಜನರೇಟರ್ ಬೇಕಾದವರಿಗೆ ಈ ಆಯ್ಕೆ ಅರ್ಧ ಮುಗಿದ ಹಾಗೆಯೇ. 2023ರ ಜುಲೈ 1ರಿಂದ ತಯಾರಾಗುವ 800 ಕಿಲೋವಾಟ್ ವರೆಗಿನ ಸೆಟ್‌ಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಪಿಸಿಬಿ 4 ಪ್ಲಸ್ ಎಂಬ ಹೊಗೆ ನಿಯಮ ಬಂದಿದೆ. ಹೊಸ ದೊಡ್ಡ ಸೆಟ್ ಅಂದರೆ ಈಗ ಹೆಚ್ಚಾಗಿ ಕಾಮನ್ ರೈಲೇ. ಇನ್ನೂ ದೊಡ್ಡದರಲ್ಲಿ ಡಿಇಎಫ್ ಎಂಬ ಯೂರಿಯಾ ದ್ರಾವಣವನ್ನೂ ತುಂಬಬೇಕಾಗುತ್ತದೆ. ಉಳಿದ ಆಯ್ಕೆ ಅಂದರೆ ಹಳೇ ನಿಯಮದ ಸೆಕೆಂಡ್ ಹ್ಯಾಂಡ್ ಸೆಟ್. ಕಡಿಮೆ ಗಂಟೆ ಓಡಿಸುವವರಿಗೆ, ನಂಬುವ ಮೆಕ್ಯಾನಿಕ್ ಇರುವವರಿಗೆ ಅದು ಕೆಟ್ಟದ್ದಲ್ಲ. ಲೋಡ್ ಹಾಕಿ ಒಂದು ಗಂಟೆ ಓಡಿಸಿ ನೋಡದೆ ಮಾತ್ರ ಅಡ್ವಾನ್ಸ್ ಕೊಡಬೇಡಿ.

ಒಂದು ಬೇಸರದ ಅನುಭವ ಹೇಳಬೇಕು. ನಮ್ಮ ನೆಂಟರೊಬ್ಬರಿಗೆ ಒಂದು ಅಂಗಡಿಯವರು "ಮುಂದಕ್ಕೆ ಬೇಕಾಗುತ್ತೆ" ಅಂತ 25 ಕೆವಿಎ ಸೆಟ್ ಕೊಡಿಸಿದರು. ಮನೆಯ ಲೋಡ್ ಮೂರು ಕಿಲೋವಾಟ್. ಎರಡು ಮಳೆಗಾಲದಲ್ಲಿ ಸೈಲೆನ್ಸರ್ ಜೋಡಣೆಯಿಂದ ಟಾರಿನಂಥ ಕರೀ ದ್ರವ ಸೋರತೊಡಗಿತು. ಡೀಸೆಲ್ ಎಂಜಿನ್ನನ್ನು ಮೂವತ್ತು ಪರ್ಸೆಂಟಿಗಿಂತ ಕಡಿಮೆ ಲೋಡಿನಲ್ಲಿ ತಿಂಗಳುಗಟ್ಟಲೆ ಓಡಿಸಿದರೆ ಒಳಗೆ ಬಿಸಿ ಸಾಲದೆ ಡೀಸೆಲ್ ಅರೆಬರೆ ಉರಿಯುತ್ತದೆ. ಕಾಮನ್ ರೈಲ್ ಇದನ್ನು ಸ್ವಲ್ಪ ತಡೆಯುತ್ತದೆ, ವಾಸಿ ಮಾಡುವುದಿಲ್ಲ. ಇಂಜೆಕ್ಷನ್ ಯಾವುದೇ ಇರಲಿ, ಸೈಜ್ ಸರಿಯಿರಬೇಕು.

ಸಣ್ಣ ಪೆಟ್ರೋಲ್ ಜನರೇಟರ್

ಮನೆಗೆ ನಾಲ್ಕು ಬಲ್ಬು, ಫ್ರಿಜ್, ಫೋನ್ ಚಾರ್ಜ್ ಇಷ್ಟೇ ಸಾಕು ಅನ್ನುವವರಿಗೆ ಇದು. ಒಂದು ಯೂನಿಟ್ಟಿಗೆ ಅರ್ಧ ಲೀಟರ್ ಅಥವಾ ಅದಕ್ಕೂ ಜಾಸ್ತಿ ಪೆಟ್ರೋಲ್ ಹೋಗುತ್ತದೆ. ಆದರೆ ವರ್ಷಕ್ಕೆ ಐವತ್ತು ಗಂಟೆಗೆ ಅದು ಲೆಕ್ಕಕ್ಕಿಲ್ಲ. ಕಾರ್ಬುರೇಟರಿನದ್ದು ಅಗ್ಗ, ಆದರೆ ಪೆಟ್ರೋಲ್ ಒಳಗೇ ಬಿಟ್ಟರೆ ಅಂಟಾಗಿ ಜೆಟ್ ಕಟ್ಟಿಕೊಳ್ಳುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ವರೆಗೆ ಎಥನಾಲ್ ಇದೆ, ಅದು ನಮ್ಮ ತೇವದ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಉಪಯೋಗಿಸಿದ ಮೇಲೆ ಟ್ಯಾಪ್ ಮುಚ್ಚಿ, ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸಿ ನಿಲ್ಲಿಸಿ. ಫ್ಯುಯೆಲ್ ಇಂಜೆಕ್ಷನ್ ಇರುವುದು ಚಳಿಯಲ್ಲಿ, ಎತ್ತರದಲ್ಲಿ ಬೇಗ ಸ್ಟಾರ್ಟ್ ಆಗುತ್ತದೆ, ಬೆಲೆ ಜಾಸ್ತಿ. ಯಾವುದೇ ಆದರೂ ಮನೆಯೊಳಗೆ, ಜಗಲಿಯಲ್ಲಿ, ಕಿಟಕಿ ಪಕ್ಕ ಓಡಿಸಬೇಡಿ. ಮಳೆ ಅಂತ ಒಳಗಿಟ್ಟರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ.

ಆ ಇಬ್ಬರಿಗೆ ಹೇಳಿದ್ದು

ಅಮ್ಮತ್ತಿಯವರಿಗೆ 9 ಎಕರೆ. ಕೆರೆಯಿಂದ ಹೆಚ್ಚು ಏರಿಲ್ಲ. ಎಂಜಿನ್ ಹಳೆಯದು, ಹೊಗೆ ಕಪ್ಪು, ಆಯಿಲ್ ಕಡಿಮೆಯಾಗುತ್ತಿಲ್ಲ. ವರ್ಷಕ್ಕೆ ನೂರು ಗಂಟೆಯ ಆಸುಪಾಸು. ನೋಜಲ್, ಏರ್ ಕ್ಲೀನರ್, ಟೈಮಿಂಗ್ ಮಾಡಿಸಿ, ಉಳಿದ ದುಡ್ಡಿನಲ್ಲಿ ಮುಖ್ಯ ಲೈನಿಗೆ ದೊಡ್ಡ ಪೈಪ್ ಹಾಕಿಸಿ ಎಂದೆ. ಕಾಮನ್ ರೈಲ್ ಅವರಿಗೆ ಎಷ್ಟು ವರ್ಷವಾದರೂ ದುಡ್ಡು ವಾಪಸ್ ಕೊಡುವುದಿಲ್ಲ.

ಮಡಿಕೇರಿ ಹತ್ತಿರದವರಿಗೆ ತೋಟದ ಜೊತೆ ಎಂಟು ಕೋಣೆಯ ಹೋಂಸ್ಟೇ ಇದೆ. ಮಳೆಗಾಲದಲ್ಲಿ ದಿನಕ್ಕೆ ಆರೇಳು ಗಂಟೆ ಜನರೇಟರ್ ಓಡುವುದುಂಟು. ಲೋಡ್ ಬೆಳಿಗ್ಗೆ ಸಂಜೆ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಅತಿಥಿಗಳಿಗೆ ಸದ್ದು ಹೊಗೆ ಎರಡೂ ಆಗದು. ಅವರಿಗೆ ಕಾಮನ್ ರೈಲ್ ಸೆಟ್ಟೇ ಸರಿ ಎಂದೆ. ಆದರೆ ಸೈಜ್ ಒಂದು ಮೆಟ್ಟಿಲು ಕೆಳಗಿನದ್ದು ತೋರಿಸಿದೆ. ಗೀಸರುಗಳನ್ನು ಒಂದಾದ ಮೇಲೊಂದು ಹಾಕಿದರೆ ಅದು ಸಾಕು. ಡೀಸೆಲ್ ಬ್ಯಾರಲ್ ಇಡಲು ನೆಲದಿಂದ ಒಂದಡಿ ಎತ್ತರದ ಕಟ್ಟೆ, ಮೇಲೆ ಶೀಟ್, ಬ್ಯಾಟರಿಗೆ ಸಣ್ಣ ಸೋಲಾರ್ ಚಾರ್ಜರ್. ಇವು ಮೂರೂ ಆದ ಮೇಲೆಯೇ ಸೆಟ್ ಇಳಿಸಿಕೊಳ್ಳಿ ಎಂದೆ.

ಕಟ್ಟೆ ಕಟ್ಟಿ ಆಗಿದೆಯಂತೆ. ಸೆಟ್ ಬಂದ ದಿನ ನಾನೂ ಹೋಗುತ್ತೇನೆ. ಮುಕ್ಕಾಲು ಪಾಲು ಲೋಡ್ ಹಾಕಿ ಒಂದು ಗಂಟೆ ಓಡಿಸಿ, ಸೈಲೆನ್ಸರ್ ಬಾಯಿಗೆ ಬಿಳಿ ಬಟ್ಟೆ ಹಿಡಿದು ನೋಡುವುದಿದೆ.